ಕಾಲೇಜಿನ ಸೂಚನೆ, ಪಾಠ, ಜಾಲತಾಣ ವಿಕಲಚೇತನ ವಿದ್ಯಾರ್ಥಿಗಳಿಗೂ ದಕ್ಕುವಂತೆ ಮಾಡುವುದು ಹೇಗೆ?

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಪ್ರವೇಶ ಪ್ರಕಟಣೆಯಿಂದ ಹಿಡಿದು ಆಂತರಿಕ ಪರೀಕ್ಷೆಯ ವೇಳಾಪಟ್ಟಿಯವರೆಗೆ ಹೆಚ್ಚಿನ ಮಾಹಿತಿ ಈಗ ಮೊಬೈಲ್ ಮೂಲಕವೇ ವಿದ್ಯಾರ್ಥಿಗಳ ಕೈ ಸೇರುತ್ತಿದೆ. ಸಿಂಧನೂರು, ಕುಷ್ಟಗಿ, ಸಿರುಗುಪ್ಪದ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗುವ, ಕಣ್ಣು ಕಾಣದ ವಿದ್ಯಾರ್ಥಿಗೆ ಇದರಿಂದ ದೊಡ್ಡ ಅನುಕೂಲವಾಗಬೇಕಿತ್ತು. ಸೂಚನಾ ಫಲಕದ ಮುಂದೆ ನಿಂತು ಯಾರಿಂದಲೋ ಓದಿಸಿಕೊಳ್ಳುವ ಬದಲು ಫೋನಿನಿಂದಲೇ ಕೇಳಿಸಿಕೊಳ್ಳಬಹುದಿತ್ತು. ಆದರೆ ಮೊಹರು, ಸಹಿ ಇರುವ ಕಾಗದದ ಫೋಟೊವನ್ನೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ರೂಢಿಯಾಗಿರುವುದರಿಂದ ಫೋನು ಸಾಮಾನ್ಯವಾಗಿ ‘ಫೋಟೊ’ ಎಂದಷ್ಟೇ ಹೇಳಿ ನಿಲ್ಲುತ್ತದೆ.

ಇದನ್ನು ಸರಿಪಡಿಸುವುದು ಕಾಲೇಜಿನ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ಮಾಹಿತಿಯು ವಿಕಲಚೇತನರಿಗೆ ಸುಗಮವಾಗಿ ಸಿಗುವ ರೂಪದಲ್ಲಿರಬೇಕು ಎನ್ನುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿಯೇ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಆದರೂ ಕೆಲಸ ಆರಂಭವಾಗಬೇಕಾದದ್ದು ಕಾನೂನು ಪುಸ್ತಕದಿಂದಲೂ ಅಲ್ಲ, ದುಬಾರಿ ಯಂತ್ರಗಳಿಂದಲೂ ಅಲ್ಲ. ಕಚೇರಿಯ ಗುಮಾಸ್ತರು ಮತ್ತು ಪಾಠ ಮಾಡುವ ಅಧ್ಯಾಪಕರು ಟೈಪ್ ಮಾಡಲು ಕೂರುವ ಮೇಜಿನಿಂದ.

ಮೊದಲು ಕೇಳಿ ನೋಡಿ

ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬುದು ಉಚಿತವಾಗಿ ಸಿಗುತ್ತದೆ ಮತ್ತು ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಇರುತ್ತದೆ. ಪ್ರಾಂಶುಪಾಲರು, ಕಚೇರಿ ಸಿಬ್ಬಂದಿ ಮತ್ತು ವಿಭಾಗಕ್ಕೊಬ್ಬರಂತೆ ಅಧ್ಯಾಪಕರು ಒಟ್ಟಿಗೆ ಕುಳಿತು, ಪರದೆಯನ್ನು ನೋಡದೆ, ಕಳೆದ ವಾರದ ಒಂದು ಸುತ್ತೋಲೆ, ಒಂದು ಪಿಡಿಎಫ್ ಟಿಪ್ಪಣಿ ಮತ್ತು ಜಾಲತಾಣದ ಮುಖಪುಟವನ್ನು ಇವುಗಳ ಮೂಲಕ ಕೇಳಬೇಕು. ನಂತರ ಮೌಸ್ ಬದಿಗಿಟ್ಟು ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದಲೇ ಪ್ರವೇಶದ ಅರ್ಜಿಯನ್ನು ತುಂಬಲು ಯತ್ನಿಸಬೇಕು. ಎಲ್ಲಿ ದನಿ ನಿಂತಿತು, ಎಲ್ಲಿ ಕೀಲಿ ಸಿಕ್ಕಿಕೊಂಡಿತು ಎಂಬುದನ್ನು ಬರೆದಿಟ್ಟುಕೊಂಡರೆ ಕಾಲೇಜಿನ ಕೆಲಸದ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಅಕ್ಷರ ಅಕ್ಷರವಾಗಿಯೇ ಉಳಿಯಲಿ

ನಮ್ಮ ಭಾಗದ ಕಾಲೇಜುಗಳಲ್ಲಿ ಅತಿ ಹೆಚ್ಚು ತೊಡಕು ಇರುವುದು ಇಲ್ಲಿ, ಆದ್ದರಿಂದ ಅತಿ ಹೆಚ್ಚು ಶ್ರಮವನ್ನೂ ಇಲ್ಲಿಯೇ ಹಾಕಬೇಕು. ಸುತ್ತೋಲೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಮುದ್ರಿಸಿ, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಕಳಿಸುವಾಗ ಆರಂಭದಲ್ಲಿ ಬರಹವಾಗಿದ್ದದ್ದು ಕೊನೆಗೆ ಬರೀ ಚಿತ್ರವಾಗುತ್ತದೆ. ಸಹಿ ಮಾಡಿದ ಪ್ರತಿ ದಾಖಲೆಗೆ ಬೇಕಿದ್ದರೆ ಇರಲಿ. ಅದರ ಜೊತೆಯಲ್ಲೇ ಅದೇ ಸಂದೇಶದ ಬರಹವನ್ನೂ ಕಳಿಸುವುದು ನಿಯಮವಾಗಬೇಕು. ಈಗಾಗಲೇ ಟೈಪ್ ಮಾಡಿದ್ದನ್ನು ನಕಲಿಸಿ ಅಂಟಿಸುವುದಕ್ಕೆ ಒಂದು ನಿಮಿಷವೂ ಬೇಡ.

ಆದರೆ ಹಾಗೆ ಅಂಟಿಸಿದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣಿಸಿದರೆ ಆ ಕಡತ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿದೆ ಎಂದು ತಿಳಿಯಬೇಕು. ಆ ಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿರುತ್ತದೆ. ಕಣ್ಣಿಗೆ ಶುದ್ಧ ಕನ್ನಡ ಕಂಡರೂ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ, ಹಾಗಾಗಿ ಸ್ಕ್ರೀನ್ ರೀಡರ್ ಬೇರೇನನ್ನೋ ಓದುತ್ತದೆ. ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಯೂನಿಕೋಡ್‌ ಪದ್ಧತಿಯಲ್ಲಿ ಟೈಪ್ ಮಾಡುವುದೊಂದೇ ಇದಕ್ಕೆ ಪರಿಹಾರ. ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆಯ ವಿನ್ಯಾಸವೂ ಹಿಂದಿನದೇ ಆಗಿರುತ್ತದೆ. ಆದ್ದರಿಂದ ವರ್ಷಗಟ್ಟಲೆ ನುಡಿಯಲ್ಲಿ ಪಳಗಿದ ಸಿಬ್ಬಂದಿಯ ಬೆರಳುಗಳು ಹೊಸದನ್ನು ಕಲಿಯಬೇಕಿಲ್ಲ. ಹಳೆಯ ಕಡತಗಳಿಗೆ ಪರಿವರ್ತಕಗಳಿವೆ, ಆದರೆ ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತು, ಅಂಕಿಗಳು ತಪ್ಪುವ ಸಂಭವ ಇರುವುದರಿಂದ ದಿನಾಂಕ ಮತ್ತು ಶುಲ್ಕದ ಮೊತ್ತವನ್ನು ಒಬ್ಬರು ಮೂಲದೊಂದಿಗೆ ತಾಳೆ ನೋಡಲೇಬೇಕು.

ಕಾಗದದಲ್ಲಷ್ಟೇ ಉಳಿದಿರುವ ಟಿಪ್ಪಣಿಗಳಿದ್ದರೆ, ಅವುಗಳ ಸ್ಕ್ಯಾನ್ ಪ್ರತಿಯನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದಾಗ ಚಿತ್ರದಲ್ಲಿರುವ ಮುದ್ರಿತ ಕನ್ನಡ ಬರಹವಾಗಿ ಬರುತ್ತದೆ. ಕೈಬರಹಕ್ಕೆ ಇದನ್ನು ನಂಬಬಾರದು. ಪಠ್ಯಪುಸ್ತಕವನ್ನು ಹೀಗೆ ಮಾಡಿದರೆ ಕೃತಿಸ್ವಾಮ್ಯದ ತಕರಾರು ಬರುವುದೇ ಎಂದು ಗ್ರಂಥಪಾಲಕರು ಅಂಜಬೇಕಿಲ್ಲ: ವಿಕಲಚೇತನರ ಓದಿಗಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಸ್ಕ್ಯಾನ್ ಮಾಡುವ ಮೊದಲು, 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಆ ಪುಸ್ತಕ ಈಗಾಗಲೇ ಇದೆಯೇ ಎಂದು ಹುಡುಕುವುದು ಒಳ್ಳೆಯದು.

ಬರಹಕ್ಕೆ ಚೌಕಟ್ಟು ಕೊಡಿ

ಮೂವತ್ತು ಪುಟದ ಟಿಪ್ಪಣಿಯಲ್ಲಿ ಮೂರನೆಯ ಅಧ್ಯಾಯ ಎಲ್ಲಿದೆ ಎಂದು ಕಣ್ಣಿದ್ದವರು ಪುಟ ಸರಿಸಿ ಕಂಡುಕೊಳ್ಳುತ್ತಾರೆ. ಸ್ಕ್ರೀನ್ ರೀಡರ್ ಬಳಸುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಿ ಕಂಡುಕೊಳ್ಳುತ್ತಾರೆ, ಆದರೆ ಅಕ್ಷರವನ್ನು ದಪ್ಪ ಮಾಡಿದ ಮಾತ್ರಕ್ಕೆ ಅದು ಶೀರ್ಷಿಕೆಯಾಗುವುದಿಲ್ಲ. ವರ್ಡ್‌ನಲ್ಲಿ ಹೆಡಿಂಗ್ ಶೈಲಿಯನ್ನೇ ಆರಿಸಬೇಕು. ಕೋಷ್ಟಕಗಳಲ್ಲಿ ಮೊದಲ ಸಾಲನ್ನು ತಲೆಸಾಲು ಎಂದು ಗುರುತಿಸಬೇಕು, ಮನೆಗಳನ್ನು ಒಂದಕ್ಕೊಂದು ಕೂಡಿಸಬಾರದು. ಪಿಡಿಎಫ್ ಮಾಡುವಾಗ ಪ್ರಿಂಟ್ ಆಯ್ಕೆಯ ಮೂಲಕ ಹೋದರೆ ಈ ಚೌಕಟ್ಟೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಸೇವ್ ಆ್ಯಸ್ ಮೂಲಕವೇ ಪಿಡಿಎಫ್ ಆಗಿ ಉಳಿಸಬೇಕು. ಹೀಗೆ ಮಾಡಿದರೂ ಕನ್ನಡದ ಪಿಡಿಎಫ್‌ಗಳಲ್ಲಿ ಒತ್ತಕ್ಷರಗಳು ಕೆಲವೊಮ್ಮೆ ಚದುರುತ್ತವೆ. ಅದಕ್ಕಾಗಿ ವರ್ಡ್ ಕಡತವನ್ನೂ ಜೊತೆಗಿಡುವುದು ನನ್ನ ಬಲವಾದ ಸಲಹೆ.

ಚಿತ್ರ, ಬಣ್ಣ, ವಿಡಿಯೊ

ಚಿತ್ರದ ಜೊತೆಯಲ್ಲಿ ಅದನ್ನು ವಿವರಿಸುವ ಬರಹವನ್ನು ಸೇರಿಸುವ ಸೌಲಭ್ಯ ವರ್ಡ್‌ನಲ್ಲೂ ಜಾಲತಾಣಗಳಲ್ಲೂ ಇದೆ. ಅಲ್ಲಿ ‘ನಕ್ಷೆ’ ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ರಾಯಚೂರು ದೋಆಬ್‌ನ ನಕ್ಷೆಯಾಗಿದ್ದರೆ, ‘ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ ನದಿ, ಎರಡರ ನಡುವಿನ ಪ್ರದೇಶದಲ್ಲಿ ರಾಯಚೂರು, ಮುದಗಲ್ಲು ಕೋಟೆಗಳನ್ನು ಗುರುತಿಸಲಾಗಿದೆ’ ಎಂದು ಬರೆದಾಗ ಇತಿಹಾಸದ ವಿದ್ಯಾರ್ಥಿಗೆ ಆ ಪ್ರದೇಶಕ್ಕಾಗಿ ಅರಸರು ಏಕೆ ಕಾದಾಡಿದರು ಎಂಬುದೂ ಮನಸ್ಸಿಗೆ ಬರುತ್ತದೆ. ಈ ವಿವರಣೆಯನ್ನು ವಿಷಯ ಬಲ್ಲ ಅಧ್ಯಾಪಕರೇ ಬರೆಯಬೇಕು, ಕಂಪ್ಯೂಟರ್ ಸಹಾಯಕರ ಮೇಲೆ ಹೊರಿಸಬಾರದು. ಗಣಿತದ ಸಮೀಕರಣಗಳನ್ನು ಫೋಟೊ ಹಚ್ಚದೆ ವರ್ಡ್‌ನ ಸಮೀಕರಣ ಸಾಧನದಿಂದ ಬರೆಯಬೇಕು.

ಮಂದದೃಷ್ಟಿಯವರಿಗಾಗಿ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬಣ್ಣದ ಅಂತರವು ಕನಿಷ್ಠ 4.5ಕ್ಕೆ 1ರಷ್ಟು ಇರಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ; ಇದನ್ನು ಅಳೆದು ಹೇಳುವ ಉಚಿತ ಸಾಧನಗಳು ಅಂತರ್ಜಾಲದಲ್ಲಿವೆ. ವೇಳಾಪಟ್ಟಿಯಲ್ಲಿ ‘ಕೆಂಪು ಬಣ್ಣದವು ರದ್ದಾದ ತರಗತಿಗಳು’ ಎಂದಿದ್ದರೆ ಬಣ್ಣ ಗುರುತಿಸಲಾಗದವರಿಗೆ ಅದು ತಿಳಿಯುವುದಿಲ್ಲ, ‘ರದ್ದು’ ಎಂಬ ಪದವನ್ನೂ ಬರೆಯಬೇಕು.

ವಿಡಿಯೊ ಪಾಠಗಳಿಗೆ ಕಿವುಡ ವಿದ್ಯಾರ್ಥಿಗಳಿಗಾಗಿ ಮಾತಿನ ಬರಹವನ್ನು ಪರದೆಯ ಕೆಳಗೆ ಹಾಕಬೇಕು. ಯಂತ್ರ ತಾನೇ ಬರೆದದ್ದನ್ನು ತಿದ್ದದೆ ಪ್ರಕಟಿಸಬಾರದು. ನಮ್ಮ ಭಾಗದ ಮಾತಿನ ಧಾಟಿಯನ್ನು ಯಂತ್ರಗಳು ಸುಲಭವಾಗಿ ಹಿಡಿಯುವುದಿಲ್ಲ. ಪಾಠ ಮಾಡುವಾಗ ‘ಇದನ್ನು ಇದರಿಂದ ಕಳೆಯಿರಿ’ ಎಂದು ಬೋರ್ಡಿನತ್ತ ಕೈ ತೋರಿಸುವ ಬದಲು ಸಂಖ್ಯೆಗಳನ್ನು ಬಾಯಿಬಿಟ್ಟು ಹೇಳಿದರೆ ಕಣ್ಣು ಕಾಣದವರಿಗೂ ಅದೇ ವಿಡಿಯೊ ಸಾಕಾಗುತ್ತದೆ.

ಜಾಲತಾಣ ಮಾಡಿಸುವಾಗ

ಜಾಲತಾಣವನ್ನು ಸಾಮಾನ್ಯವಾಗಿ ಹೊರಗಿನವರಿಗೆ ಗುತ್ತಿಗೆ ಕೊಡಲಾಗುತ್ತದೆ. ಒಪ್ಪಂದದಲ್ಲಿಯೇ, ಡಿಜಿಟಲ್ ಸೇವೆಗಳು ವಿಕಲಚೇತನರಿಗೂ ದಕ್ಕುವಂತಿರಲು ರೂಪಿಸಿದ ಭಾರತೀಯ ಮಾನದಂಡ ಐಎಸ್ 17802ಕ್ಕೆ ಜಾಲತಾಣ ಅನುಗುಣವಾಗಿರಬೇಕು ಎಂದು ಬರೆಸಿ, ಪರೀಕ್ಷೆಯಾದ ನಂತರವೇ ಕೊನೆಯ ಕಂತಿನ ಹಣ ಪಾವತಿಸಬೇಕು. ಅರ್ಜಿಯ ಪ್ರತಿ ಖಾನೆಗೂ ಹೆಸರಿರಬೇಕು, ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಕೊಂಡಿಗಳ ಬದಲು ‘ಬಿ.ಎ. ಎರಡನೇ ಸೆಮಿಸ್ಟರ್ ವೇಳಾಪಟ್ಟಿ’ ಎಂಬಂಥ ಪೂರ್ಣ ಪದಗಳಿರಬೇಕು, ಕನ್ನಡ ಪುಟದ ಭಾಷೆ ಕನ್ನಡ ಎಂದು ಪುಟದ ಸಂಕೇತದಲ್ಲಿ ಗುರುತಿಸಿರಬೇಕು. ಈ ಕೊನೆಯದಿಲ್ಲದಿದ್ದರೆ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತಡವರಿಸಬಹುದು. ಚಿತ್ರದಲ್ಲಿನ ಅಕ್ಷರ ನೋಡಿ ತುಂಬುವ ಕ್ಯಾಪ್ಚಾ ಇದ್ದರೆ ಅದಕ್ಕೆ ಬೇರೆ ದಾರಿಯೂ ಇರಲಿ.

ಯಾವುದು ಮೊದಲು, ಯಾರು ಹೊಣೆ

ಹತ್ತು ವರ್ಷದ ಕಡತಗಳನ್ನೆಲ್ಲ ಒಮ್ಮೆಗೇ ತಿದ್ದಲು ಹೊರಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಒಂದು ದಿನಾಂಕ ನಿಗದಿ ಮಾಡಿ, ಅಲ್ಲಿಂದ ಮುಂದೆ ಹೊರಡುವ ಪ್ರತಿಯೊಂದು ಸೂಚನೆಯೂ ಯೂನಿಕೋಡ್ ಬರಹದಲ್ಲಿರಬೇಕೆಂದು ಪ್ರಾಂಶುಪಾಲರು ಆದೇಶಿಸಲಿ. ಹಳೆಯದರಲ್ಲಿ ಪ್ರವೇಶ, ವಿದ್ಯಾರ್ಥಿವೇತನ, ಪರೀಕ್ಷೆಗೆ ಸಂಬಂಧಿಸಿದ್ದು ಮೊದಲು. ನಡೆಯುತ್ತಿರುವ ಸೆಮಿಸ್ಟರಿನ ಟಿಪ್ಪಣಿಗಳು ನಂತರ. ಸಮಾರಂಭದ ಫೋಟೊಗಳು ಕಾಯಬಹುದು. ಸಿದ್ಧವಾದದ್ದನ್ನು ಕಾಲೇಜಿನ ವಿಕಲಚೇತನ ವಿದ್ಯಾರ್ಥಿಗಳಿಂದಲೇ ಪರೀಕ್ಷಿಸಿ, ಅವರ ಸಮಯಕ್ಕೆ ಗೌರವಧನ ಕೊಡಬೇಕು. ಅದು ಅವರ ಪರಿಣತಿ, ಅದನ್ನು ಪುಕ್ಕಟೆಯಾಗಿ ಕೇಳುವುದು ನ್ಯಾಯವಲ್ಲ.

ಹೊಣೆ ಹೊತ್ತ ಒಬ್ಬ ಸಿಬ್ಬಂದಿಯ ಹೆಸರು, ಫೋನ್ ಸಂಖ್ಯೆ ಪ್ರತಿ ಸೂಚನೆಯ ಕೊನೆಗೆ ಇರಬೇಕು. ತನಗೆ ಓದಲಾಗದ ರೂಪದಲ್ಲಿ ಸೂಚನೆ ಬಂದಿತೆಂದು ವಿದ್ಯಾರ್ಥಿ ಹೇಳಿದರೆ ಅದೇ ದಿನ ಬರಹವನ್ನು ಕಳಿಸಿ, ಹಾಗೆ ಕಳೆದುಹೋದ ದಿನಗಳಷ್ಟು ಅವಧಿಯನ್ನು ಕಾಲೇಜೇ ನಿಗದಿಪಡಿಸುವ ಅರ್ಜಿ ಅಥವಾ ನಿಯೋಜಿತ ಕಾರ್ಯದ ಕೊನೆಯ ದಿನಾಂಕಕ್ಕೆ ಸೇರಿಸಿ ಕೊಡಬೇಕು.