ಹಳೆಯ ಸ್ಪೋರ್ಟ್ಸ್ ಕಾರಿಗೆ ಮನೆಯಲ್ಲೇ ಮರುಬಣ್ಣ: ತಗಡಿನಿಂದ ಹೊಳಪಿನವರೆಗೆ

ಬಣ್ಣವು ತನ್ನ ಅಡಿಯಲ್ಲಿರುವ ದೋಷವನ್ನು ಮುಚ್ಚುತ್ತದೆ ಎಂಬುದು ತಪ್ಪು ನಂಬಿಕೆ. ಹೊಳಪು ಹೆಚ್ಚಿದಷ್ಟೂ ತಗಡಿನ ತಗ್ಗು, ಗೀರು, ಪುಟ್ಟಿಯ ಅಂಚು ಎಲ್ಲವೂ ಎದ್ದು ಕಾಣುತ್ತವೆ. ಆದ್ದರಿಂದ ಈ ಕೆಲಸಕ್ಕೆ ಇಳಿಯುವವರು ತಮ್ಮ ಸಮಯದ ಬಹುಭಾಗವನ್ನು ಸ್ಪ್ರೇ ಗನ್ ಹಿಡಿಯುವ ಮೊದಲೇ ಕಳೆಯಲು ಸಿದ್ಧರಾಗಿರಬೇಕು.

ಬಂಪರ್, ದೀಪ, ರಬ್ಬರ್ ಪಟ್ಟಿಗಳನ್ನು ಕಳಚುವಾಗ ಪ್ರತಿಯೊಂದರ ಫೋಟೋ ತೆಗೆದು, ಅದರ ಸ್ಕ್ರೂಗಳನ್ನು ಹೆಸರು ಬರೆದ ಚೀಲದಲ್ಲಿ ಇಡಬೇಕು. ಡ್ಯಾಶ್‌ಬೋರ್ಡಿನ ಅಡಿಯಲ್ಲೋ ಸೀಟಿನ ಹಿಂದೆಯೋ ಬಿಸಿಲು ಕಾಣದ ಮೂಲ ಬಣ್ಣ ಉಳಿದಿದ್ದರೆ ಅದನ್ನು ಉಜ್ಜದೆ ಹಾಗೆಯೇ ಬಿಡುವುದು ಒಳ್ಳೆಯದು. ಕಾರು ಕಾರ್ಖಾನೆಯಿಂದ ಯಾವ ಬಣ್ಣದಲ್ಲಿ ಹೊರಬಂದಿತೆಂಬುದಕ್ಕೆ ಅದಕ್ಕಿಂತ ನಂಬಲರ್ಹ ಸಾಕ್ಷ್ಯ ಸಿಗುವುದು ಕಷ್ಟ.

ಮುಂದಿನದು ತುಕ್ಕಿನ ಪರೀಕ್ಷೆ. 1962ರಿಂದ 1980ರವರೆಗೆ ತಯಾರಾದ ಬ್ರಿಟನ್ನಿನ ಎಂಜಿಬಿಯಂಥ ಕಾರುಗಳಲ್ಲಿ ಪ್ರತ್ಯೇಕ ಚಾಸಿ, ಅಂದರೆ ಒಡಲನ್ನು ಹೊರುವ ಅಡಿಚೌಕಟ್ಟು, ಇರುವುದಿಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಸಿಲ್‌ಗಳೇ ಭಾರ ಹೊರುತ್ತವೆ. ಮೇಲ್ಛಾವಣಿಯಿಲ್ಲದ ಮಾದರಿಯಲ್ಲಿ ಬಾಗಿಲಿನ ಚೌಕಟ್ಟಿಗೆ ಅಡ್ಡ ಆಧಾರ ಕೊಡದೆ ತುಕ್ಕು ತಿಂದ ಸಿಲ್ ಕತ್ತರಿಸಿದರೆ ಇಡೀ ಒಡಲು ಬಾಗಿ, ಬಾಗಿಲುಗಳು ಮತ್ತೆ ಸರಿಯಾಗಿ ಮುಚ್ಚದಂತಾಗುತ್ತವೆ. ಬೆಸುಗೆಗೆ ಮೊದಲು ಬ್ಯಾಟರಿಯನ್ನೂ ಇಂಧನದ ಟ್ಯಾಂಕನ್ನೂ ತೆಗೆದು ದೂರವಿಡುವುದು ಕಡ್ಡಾಯ. ಲೋಟಸ್ ಎಲಾನ್‌ನಂತಹ ಫೈಬರ್‌ಗ್ಲಾಸ್ ಒಡಲಿನ ಕಾರಿಗೆ ತುಕ್ಕಿನ ಚಿಂತೆ ಅದರ ಉಕ್ಕಿನ ಚಾಸಿಗಷ್ಟೇ ಸೀಮಿತ, ಆದರೆ ಲೋಹಕ್ಕೆ ಬಳಸುವ ಬಣ್ಣ ತೆಗೆಯುವ ರಾಸಾಯನಿಕ ಅದರ ಗಾಜಿನ ನಾರನ್ನು ಹಿಡಿದಿಡುವ ರೆಸಿನನ್ನೇ ಮೆದುಗೊಳಿಸಬಲ್ಲದು.

ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಅದನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸದೆ, ನೀರು ಹಾಕಿ ಉಜ್ಜಬೇಕು. ತಗಡು ಬರಿದಾದ ಕೂಡಲೇ ಅದನ್ನು ಒಣಗಿಸಿ, ಜಿಡ್ಡು ಒರೆಸಿ, ಅದೇ ದಿನ ತಗಡಿಗೆ ಅಂಟಿ ತುಕ್ಕು ತಡೆಯುವ ಮೊದಲ ಲೇಪವಾದ ಎಪಾಕ್ಸಿ ಪ್ರೈಮರ್ ಬಳಿಯಬೇಕು. ಬರಿಗೈಯಲ್ಲಿ ಮುಟ್ಟಿದ ಜಾಗದಲ್ಲೂ ತುಕ್ಕು ಮೊದಲಾಗುತ್ತದೆ. ತಗ್ಗುಗಳನ್ನು ಆದಷ್ಟೂ ಸುತ್ತಿಗೆಯಿಂದಲೇ ಸರಿಪಡಿಸಿ, ಉಳಿದದ್ದಕ್ಕೆ ಮಾತ್ರ 3 ಮಿಲಿಮೀಟರ್ ಮೀರದಂತೆ ಪುಟ್ಟಿ ಹಚ್ಚಬೇಕು. ಪುಟ್ಟಿ ನೀರು ಹೀರುವುದರಿಂದ ಅದನ್ನು ಒಣದಾಗಿಯೇ ಉಜ್ಜಬೇಕು. 80ರ ಎಮರಿ ಹಾಳೆಯಿಂದ ಆರಂಭಿಸಿ 180, ನಂತರ 320ಕ್ಕೆ ಹೋಗಬಹುದು (ಸಂಖ್ಯೆ ಹೆಚ್ಚಿದಷ್ಟೂ ಹಾಳೆ ನಯ).

ಇಲ್ಲಿ ಕೈಬೆರಳನ್ನು ನಂಬಬಾರದು, ಹಾಳೆಯನ್ನು ಉದ್ದನೆಯ ಚಪ್ಪಟೆ ಬ್ಲಾಕಿಗೆ ಸುತ್ತಿ ಓರೆಯಾಗಿ ಎರಡೂ ದಿಕ್ಕಿಗೆ ಉಜ್ಜಬೇಕು. ಸಣ್ಣ ಗೀರುಗಳನ್ನು ತುಂಬುವ ದಪ್ಪ ಲೇಪವಾದ ಸರ್ಫೇಸರ್ ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ತೆಳುವಾಗಿ ಎರಚಿ ಉಜ್ಜಿದರೆ, ತಗ್ಗಿನಲ್ಲಿ ಕಪ್ಪು ಉಳಿದು, ಉಬ್ಬಿನಲ್ಲಿ ಬೇಗ ಅಳಿಸಿಹೋಗಿ, ಕಣ್ಣಿಗೆ ಕಾಣದ ಏರುಪೇರು ಬಯಲಾಗುತ್ತದೆ. ಕಪ್ಪು ಎಲ್ಲೂ ಉಳಿಯದ ತನಕ ಇದನ್ನೇ ಮತ್ತೆ ಮಾಡಬೇಕು. ಬೇಸರದ ಕೆಲಸ ನಿಜ, ಆದರೆ ಬಾನೆಟ್ಟಿನ ಬಾಗು ಕನ್ನಡಿಯಂತೆ ಬರುವುದು ಇದರಿಂದಲೇ.

ಬಣ್ಣ ಎರಚುವ ವಿಷಯದಲ್ಲಿ ರಾಜಿಗೆ ಎಡೆಯಿಲ್ಲ. ಗಟ್ಟಿಕಾರಕ ಬೆರೆಸಿ ಬಳಸುವ ಎರಡು ಭಾಗದ ಬಣ್ಣಗಳಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಆಸ್ತಮಾ ಉಂಟುಮಾಡಬಲ್ಲದು, ವಾಸನೆಯಿಂದ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಪೂರೈಸುವ ಮುಖವಾಡ, ಮೈಮುಚ್ಚುವ ಉಡುಪು, ಹಬೆಯನ್ನು ಸುರಕ್ಷಿತವಾಗಿ ಹೊರಹಾಕುವ ವ್ಯವಸ್ಥೆ ಇವು ಮನೆಯಲ್ಲಿ ಇಲ್ಲದಿದ್ದರೆ, ಐಸೊಸಯನೇಟ್ ಇಲ್ಲದ ಪ್ರೈಮರ್‌ವರೆಗಿನ ಕೆಲಸವನ್ನು ಮಾತ್ರ ತಾವೇ ಮಾಡಿ, ಕೊನೆಯ ಲೇಪಗಳನ್ನು ಸ್ಪ್ರೇ ಬೂತ್ ಇರುವವರಿಗೆ ಒಪ್ಪಿಸುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ.

ವ್ಯವಸ್ಥೆ ಇರುವವರು 1.3 ಅಥವಾ 1.4 ಮಿಲಿಮೀಟರ್ ನಳಿಕೆಯ ಗನ್ನನ್ನು ಮೇಲ್ಮೈಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಮೇಲ್ಮೈಗೆ ಸಮಾನಾಂತರವಾಗಿ ಸಾಗಿಸುತ್ತ, ಪ್ರತಿ ಸಾಲು ಹಿಂದಿನದರ ಅರ್ಧದಷ್ಟನ್ನು ಮುಚ್ಚುವಂತೆ ಎರಚಬೇಕು. ಕಂಪ್ರೆಸರಿನ ಗಾಳಿಯಲ್ಲಿ ನೀರು ಬಾರದಂತೆ ಸೋಸುವ ಸಾಧನ ಇರಲೇಬೇಕು. ಲೇಪಗಳ ನಡುವೆ ಎಷ್ಟು ಬಿಡುವು ಬೇಕೆಂಬುದನ್ನು ಡಬ್ಬಿಯ ಮೇಲಿನ ಸೂಚನೆಯಂತೆ ಪಾಲಿಸಬೇಕು.

ಬಣ್ಣದ ಮೇಲೆ ಕೊನೆಗೆ ಎರಚುವ ಪಾರದರ್ಶಕ ಲೇಪ ಪೂರ್ಣವಾಗಿ ಗಟ್ಟಿಯಾದ ಮೇಲೆ 1500, 2000ರ ಹಾಳೆಗಳಿಂದ ನೀರು ಹಾಕಿ ಉಜ್ಜಿ ಪಾಲಿಶ್ ಮಾಡಬಹುದು. ಅಂಚುಗಳಲ್ಲಿ ಲೇಪ ತೆಳುವಾಗಿರುವುದರಿಂದ ಅಲ್ಲಿ ಕೈ ಹಗುರವಾಗಿರಲಿ. ಬಿಡಿಭಾಗಗಳನ್ನು ಜೋಡಿಸುವ ಮೊದಲು ಸಿಲ್ ಮತ್ತು ಬಾಗಿಲುಗಳ ನೀರು ಇಳಿಯುವ ತೂತುಗಳನ್ನು ತೆರೆದು, ಒಳಗಿನ ಪೊಳ್ಳಿಗೆ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸಬೇಕು.