ಮುದಿ ನಾಯಿ ನಡುಗಿದರೆ ಏನು ನೋಡಬೇಕು, ವೈದ್ಯರಿಗೆ ಏನು ಹೇಳಬೇಕು

ಹನ್ನೆರಡು ವರ್ಷದ ನಾಯಿ ಅನ್ನದ ತಟ್ಟೆಯ ಮುಂದೆ ನಿಂತಿದೆ. ಉಣ್ಣುವ ಆಸೆ ಕಡಿಮೆಯಾಗಿಲ್ಲ, ಬಾಲವೂ ಆಡುತ್ತಿದೆ. ಆದರೆ ಹಿಂಗಾಲಿನ ತೊಡೆಗಳು ಸಣ್ಣಗೆ ಅದುರುತ್ತಿವೆ. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ. ಮುಪ್ಪಿನಲ್ಲಿ ಸ್ನಾಯುಗಳು ಸೊರಗಿ ಕಾಲು ನಡುಗುವುದು ನಿಜ. ಆದರೆ ಕೀಲುನೋವು, ಮೂತ್ರಪಿಂಡದ ತೊಂದರೆ, ರಕ್ತದಲ್ಲಿ ಸಕ್ಕರೆ ಕುಸಿಯುವುದು, ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಜ್ವರ ಇವೆಲ್ಲವೂ ನಡುಕವಾಗಿಯೇ ಕಾಣಿಸಿಕೊಳ್ಳಬಹುದಾದ್ದರಿಂದ, ಇವು ಯಾವುವೂ ಅಲ್ಲವೆಂದು ಖಚಿತವಾದ ಮೇಲಷ್ಟೇ ವಯಸ್ಸನ್ನು ಕಾರಣವೆನ್ನಬೇಕು.

ಮೊದಲು ಹೆಸರು ಹಿಡಿದು ಕರೆಯಿರಿ. ತಿರುಗಿ ನೋಡಿದರೆ ಅದಕ್ಕೆ ಎಚ್ಚರವಿದೆ ಎಂದರ್ಥ. ಕರೆದರೂ ಅರಿವಿಲ್ಲದೆ, ಮೈ ಸೆಟೆದು, ಕಾಲು ಬಡಿಯುತ್ತ, ಜೊಲ್ಲು ಸುರಿಸುತ್ತಿದ್ದರೆ ಅದು ಫಿಟ್ಸ್ ಇರಬಹುದು. ಆಗ ಬಾಯಿಗೆ ಕೈ ಹಾಕಬೇಡಿ. ಸುತ್ತಲಿನ ಸಾಮಾನು ಸರಿಸಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ ಅಥವಾ ಅದೇ ದಿನ ಮತ್ತೊಮ್ಮೆ ಬಂದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇಲಿ ಪಾಷಾಣ, ಕೀಟನಾಶಕ ಅಥವಾ ಚಾಕೊಲೇಟ್ ತಿಂದ ಅನುಮಾನವಿದ್ದಾಗ, ದನಗಳ ಉಣ್ಣೆ ಔಷಧವನ್ನು ಅಂದಾಜಿನ ಮೇಲೆ ಕಲಸಿ ನಾಯಿಯ ಮೈಗೆ ಹಚ್ಚಿದ ಮೇಲೆ ನಡುಕ ಶುರುವಾದಾಗಲೂ ಹೀಗೆಯೇ ಮಾಡಿ. ಆ ಪೊಟ್ಟಣ ಅಥವಾ ಬಾಟಲಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ.

ಅಂಥ ತುರ್ತು ಇಲ್ಲದಿದ್ದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಉಪಯುಕ್ತವಾದ ಕೆಲಸ ಇನ್ನೊಂದಿಲ್ಲ, ಏಕೆಂದರೆ ಆಸ್ಪತ್ರೆಯ ಮೇಜಿನ ಮೇಲೆ ನಾಯಿ ಹೆದರಿಕೆಗೇ ನಡುಗುತ್ತದೆ, ಮನೆಯಲ್ಲಿ ಕಂಡ ನಡುಕ ಅಲ್ಲಿ ಗುರುತು ಸಿಗುವುದಿಲ್ಲ. ಸ್ನಾಯು ಸೊರಗಿದ್ದರೆ ನಿಂತಾಗ ಬರುವ ನಡುಕ ಮಲಗಿದೊಡನೆ ನಿಲ್ಲುತ್ತದೆ. ನೋವಿನ ನಡುಕ ಮೆಟ್ಟಿಲು ಹತ್ತಿದ ಮೇಲೆ, ಬೆಳಿಗ್ಗೆ ಏಳುವಾಗ ಹೆಚ್ಚು. ನಿದ್ದೆಯಲ್ಲೂ ಒಂದೇ ಸ್ನಾಯು ತಾಳ ಹಾಕಿದಂತೆ ಹಾರುತ್ತಿದ್ದರೆ ಹಿಂದೆ ಡಿಸ್ಟೆಂಪರ್ ಎಂಬ ವೈರಸ್ ರೋಗ ಬಂದಿತ್ತೇ ಎಂದು ನೆನಪಿಸಿಕೊಳ್ಳಿ. ಕತ್ತು ಒಂದು ಕಡೆಗೆ ವಾಲಿ, ಕಣ್ಣುಗುಡ್ಡೆ ಅತ್ತಿತ್ತ ಓಡಿ, ನಾಯಿ ತೂರಾಡಿದರೆ ‘ಲಕ್ವ ಹೊಡೆಯಿತು’ ಎಂದು ಜನ ಕೈಚೆಲ್ಲುತ್ತಾರೆ. ಅನೇಕ ಮುದಿ ನಾಯಿಗಳಲ್ಲಿ ಇದು ಒಳಕಿವಿಯ ಸಮತೋಲನದ ತೊಂದರೆಯಾಗಿದ್ದು, ಕೆಲವು ದಿನ, ವಾರಗಳಲ್ಲಿ ಚೇತರಿಕೆ ಕಾಣುತ್ತದೆ. ದಯವಿಟ್ಟು ಅಷ್ಟಕ್ಕೇ ಆಸೆ ಬಿಡಬೇಡಿ.

ಇನ್ನು ಮೈ ಪರೀಕ್ಷೆ. ತುಟಿ ಎತ್ತಿ ವಸಡು ನೋಡಿ: ಗುಲಾಬಿ ಬಣ್ಣವಿರಬೇಕು. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಎಣ್ಣೆ ಸವರಿ ಗುದದ್ವಾರದಲ್ಲಿಟ್ಟರೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣೆ ಹುಡುಕಿ. ಜ್ವರದ ಜೊತೆಗೆ ವಸಡು ಬಿಳಿಚಿಕೊಂಡು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಉಣ್ಣೆಯಿಂದ ಹರಡಿ ಕೆಂಪು ರಕ್ತಕಣಗಳನ್ನು ನಾಶಮಾಡುವ ಬೇಬಿಸಿಯಾ ಸೋಂಕು ಇರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಬಳಿಕ ನಾಯಿಯ ಹೊಟ್ಟೆಗೆ ಕೈಯಾಸರೆ ಕೊಟ್ಟು ನಿಲ್ಲಿಸಿ, ಹಿಂಗಾಲಿನ ಪಾದವನ್ನು ಮಡಿಸಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯವಂತ ನಾಯಿ ತಕ್ಷಣ ಪಾದ ತಿರುಗಿಸಿಕೊಳ್ಳುತ್ತದೆ. ಹಾಗೆಯೇ ಬಿಟ್ಟುಕೊಂಡು ನಿಂತರೆ, ನಡುಬೆರಳಿನ ಉಗುರುಗಳು ಮೇಲ್ಭಾಗದಲ್ಲಿ ಸವೆದಿದ್ದರೆ, ತೊಂದರೆ ಬೆನ್ನುಹುರಿ ಅಥವಾ ನರದಲ್ಲಿರುವ ಸಾಧ್ಯತೆಯಿದೆ.

ನೋವಿರಬಹುದೆಂದು ನಮ್ಮ ಮಾತ್ರೆಗಳನ್ನು ಕೊಡಲೇಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಯಕೃತ್ತಿಗೆ ಅಪಾಯಕಾರಿ.

ವೈದ್ಯರ ಬಳಿಗೆ ವಿಡಿಯೊ, ಈಗ ಕೊಡುತ್ತಿರುವ ಔಷಧಗಳ ಪಟ್ಟಿ ಮತ್ತು ಸಾಧ್ಯವಾದರೆ ಬೆಳಗಿನ ಮೊದಲ ಮೂತ್ರವನ್ನು ಒಯ್ಯಿರಿ. ರಕ್ತಲೇಪನ (ಗಾಜಿನ ಮೇಲೆ ಹರಡಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು), ಸಕ್ಕರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಕ್ಯಾಲ್ಸಿಯಂ ಪರೀಕ್ಷೆಗಳನ್ನು ಮಾಡಿಸುವ ಬಗ್ಗೆ ಕೇಳಿ.

ಸ್ನಾಯು ಸೊರಗಿದ್ದೇ ಕಾರಣವೆಂದು ತಿಳಿದುಬಂದರೂ ಮಾಡುವುದು ಬಹಳವಿದೆ. ನುಣುಪು ಟೈಲ್ಸ್ ಮೇಲೆ ಉಗುರು ಕರಕರ ಎಂದು ಜಾರುವಾಗ ಮುದಿ ನಾಯಿ ಇಡೀ ಮೈ ಬಿಗಿಹಿಡಿಯುತ್ತದೆ. ತಟ್ಟೆಯಿಂದ ಹಾಸಿಗೆಯವರೆಗೆ ರಬ್ಬರ್ ಚಾಪೆ ಹಾಸಿದರೆ ಅದೇ ದಿನ ನಡಿಗೆ ಹಗುರಾಗುವುದನ್ನು ಕಾಣಬಹುದು. ಒಂದೇ ದೂರದ ಸುತ್ತಿಗಿಂತ ದಿನಕ್ಕೆ ಎರಡು ಮೂರು ಚಿಕ್ಕ ಸುತ್ತು ಒಳ್ಳೆಯದು. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ತಟ್ಟೆಯ ಮುಂದೆ ಮತ್ತೆ ವಿಡಿಯೊ ಮಾಡಿ, ಹಿಂದಿನದರ ಜೊತೆ ಹೋಲಿಸಿ ನೋಡಿ.