ಮಳೆಗಾಲಕ್ಕೊಂದು ಮರುಭೂಮಿ: ಓದುತ್ತಾ ಇಂಗ್ಲಿಷ್ ಕಲಿಯುವುದು ಹೇಗೆ?

ಶಿರಸಿಯ ಜುಲೈ ತಿಂಗಳು. ಹೊರಗೆ ಅಡಿಕೆ ತೋಟ ಕಾಣದಷ್ಟು ಮಳೆ, ಒಳಗೆ ಕರೆಂಟಿಲ್ಲ. ಪಿಯುಸಿ ಓದುವ ಅಣ್ಣನ ಮಗಳು ಜಗಲಿಯಲ್ಲಿ ಕೂತು ಒಂದು ಪ್ರಿಂಟ್ ಹಾಳೆ ಓದುತ್ತಿದ್ದಳು. ಚಿಲಿ ದೇಶದ ಅಟಕಾಮಾ ಮರುಭೂಮಿಯ ಬಗ್ಗೆ ಇಂಗ್ಲಿಷಿನಲ್ಲಿದ್ದ ಹಾಳೆ. ಅದರಲ್ಲಿ ‘ಇಟ್ ಹಾರ್ಡ್ಲಿ ರೇನ್ಸ್ ಹಿಯರ್’ ಎಂಬ ಸಾಲು ಬಂತು. “ಅತ್ತೆ, ಅಲ್ಲೂ ಜೋರು ಮಳೆ ಬತ್ತಡ!” ಎಂದಳು.

ಹಾರ್ಡ್ ಎಂದರೆ ಜೋರು ಎಂದು ಅವಳಿಗೆ ಗೊತ್ತು. ಹಾಗಾದರೆ ಹಾರ್ಡ್ಲಿ ಎಂದರೆ ಜೋರಾಗಿ ಇರಬೇಕಲ್ಲ? ನಾನು ಸುಮ್ಮನಿದ್ದೆ. ಮುಂದಿನ ಸಾಲಿನಲ್ಲಿ ಅರಿಕಾ ಎಂಬ ಊರಿನ ಸುದ್ದಿ ಇತ್ತು. 1903ರಿಂದ 1918ರವರೆಗೆ, 14 ವರ್ಷಕ್ಕೂ ಜಾಸ್ತಿ ಕಾಲ, ಅಲ್ಲಿ ಮಳೆಯೇ ಬೀಳಲಿಲ್ಲ. ಹುಡುಗಿ ಅಲ್ಲೇ ನಿಂತಳು. ಬೆರಳು ಹಿಂದಿನ ಸಾಲಿಗೆ ಹೋಯಿತು. ಎರಡು ಸಲ ಓದಿದಳು. “ಹಾರ್ಡ್ಲಿ ಅಂದ್ರೆ ಇಲ್ಲವೇ ಇಲ್ಲ ಅನ್ನೋ ಹಾಗಾ?” ಎಂದು ಕೇಳಿದಳು.

ಹೌದು, ಹಾಗೇ. ಡಿಕ್ಷನರಿ ಮುಟ್ಟಲಿಲ್ಲ, ನಾನೂ ಹೇಳಿಕೊಡಲಿಲ್ಲ. ಓದುತ್ತಿದ್ದ ವಿಷಯವೇ ಅವಳ ತಪ್ಪನ್ನು ತಿದ್ದಿತು. ಇಂಗ್ಲಿಷ್ ಹೇಗೆ ಕಲಿಯೋದು ಎಂದು ಕೇಳುವವರಿಗೆ ಅಂದಿನಿಂದ ನಾನು ಹೇಳುವುದು ಇಷ್ಟೇ. ಒಂದು ವಿಷಯ ಹಿಡಿಯಿರಿ, ಆರೇಳು ವಾರ ಅದನ್ನೇ ಓದಿ.

ಒಂದೇ ವಿಷಯ ಯಾಕೆ?

ಇವತ್ತು ಕ್ರಿಕೆಟ್, ನಾಳೆ ಬಾಹ್ಯಾಕಾಶ, ನಾಡಿದ್ದು ಅಡುಗೆ ಎಂದು ಓದಿದರೆ ಪ್ರತಿ ಸಲವೂ ಹೊಸ ಶಬ್ದಗಳ ರಾಶಿ. ಒಂದು ಸಲ ಕಂಡ ಶಬ್ದ ಮತ್ತೆ ಎದುರಾಗುವ ಹೊತ್ತಿಗೆ ಮರೆತೇ ಹೋಗಿರುತ್ತದೆ. ಒಂದೇ ವಿಷಯವಾದರೆ ಅದೇ ಶಬ್ದಗಳು ಸುತ್ತಿ ಸುತ್ತಿ ಬರುತ್ತವೆ. ಭಾಷಾ ಕಲಿಕೆಯ ಬಗ್ಗೆ ಬಹಳ ಬರೆದಿರುವ ಸ್ಟೀಫನ್ ಕ್ರಾಶನ್ 1981ರಲ್ಲೇ ಈ ಮಾತು ಹೇಳಿದ್ದರು. ಅವರು ಇದನ್ನು ‘ನ್ಯಾರೋ ರೀಡಿಂಗ್’ ಎಂದು ಕರೆದರು. ಒಂದೇ ಜಾಡಿನ ಓದು ಎನ್ನಬಹುದು.

ಮರುಭೂಮಿಯೇ ಯಾಕೆ ಅಂದರೆ, ಅದರ ಮೂಲ ಶಬ್ದಗಳು ನಮಗೆ ಆಗಲೇ ಗೊತ್ತು. ರೇನ್, ಸ್ಯಾಂಡ್, ವಿಂಡ್, ಹೀಟ್, ವಾಟರ್. ಇನ್ನೊಂದು ಕಾರಣ ನನಗೆ ಇನ್ನೂ ಮುಖ್ಯ. ಮರುಭೂಮಿ ನಮ್ಮೂರಿಗೆ ಪೂರ್ತಿ ಉಲ್ಟಾ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಜಾಗವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಕಾರವಾರದಲ್ಲಿ ಎರಡು ಮೂರು ದಿನ ಬಿಡದೆ ಹೊಡೆದರೆ ಮರುಭೂಮಿಯ ಇಡೀ ವರ್ಷದ ಮಳೆ ಮುಗಿಯಿತು! ಹೀಗೆ ಓದಿದ್ದನ್ನೆಲ್ಲ ನಮ್ಮ ಅಂಗಳದ ಪಕ್ಕದಲ್ಲಿಟ್ಟು ನೋಡಬಹುದು. ಹಾಗೆ ನೋಡಿದ್ದು ಮರೆಯುವುದಿಲ್ಲ.

ಮೊದಲ ವಾರ: ಎರಡೇ ಪುಟ

ಸುಲಭದ್ದರಿಂದ ಶುರು ಮಾಡಿ. ಎನ್‌ಸಿಇಆರ್‌ಟಿಯ ಏಳನೇ ತರಗತಿಯ ಭೂಗೋಳ ಪುಸ್ತಕದಲ್ಲಿ ಬಹಳ ವರ್ಷ ಇದ್ದ ಮರುಭೂಮಿಯ ಪಾಠ ಇದಕ್ಕೆ ಚೆನ್ನಾಗಿದೆ. ಅದರಲ್ಲಿ ಬಿಸಿ ಮರುಭೂಮಿಗೆ ಸಹಾರಾ, ಚಳಿಯ ಮರುಭೂಮಿಗೆ ಲಡಾಖ್. ಹಳೆಯ ಪ್ರತಿ ಯಾರ ಮನೆಯಲ್ಲಾದರೂ ಸಿಗುತ್ತದೆ. ಫೋನ್ ಇದ್ದವರು ಸಿಂಪಲ್ ಇಂಗ್ಲಿಷ್ ವಿಕಿಪೀಡಿಯಾ ನೋಡಬಹುದು. ಕಲಿಯುವವರಿಗೆಂದೇ ಸಣ್ಣ ವಾಕ್ಯಗಳಲ್ಲಿ ಬರೆದದ್ದು ಅದು.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮೊದಲ ಸಲ ಡಿಕ್ಷನರಿ ಇಲ್ಲದೆ ಓದಿ. ಗೊತ್ತಿಲ್ಲದ ಶಬ್ದದ ಕೆಳಗೆ ಪೆನ್ಸಿಲ್ ಗೆರೆ ಎಳೆದು ಮುಂದೆ ಹೋಗಿ. ಎರಡನೇ ಸಲ ಓದುವಾಗ ಅರ್ಧ ಗೆರೆಗಳ ಅರ್ಥ ತಾನಾಗೇ ಹೊಳೆಯುತ್ತದೆ. ಮೂರನೇ ಸಲವೂ ದಾರಿಗೆ ಅಡ್ಡ ನಿಂತ ಶಬ್ದಗಳಿಗೆ ಮಾತ್ರ ಡಿಕ್ಷನರಿ ತೆಗೆಯಿರಿ. ಇಪ್ಪತ್ತು ಶಬ್ದ ಒಟ್ಟಿಗೆ ಹುಡುಕಲು ಹೋದರೆ ಬೇಜಾರು ಬಂದು ಪುಸ್ತಕ ಮುಚ್ಚುತ್ತೀರಿ. ಹಾಗೆ ಬಿಟ್ಟವರನ್ನು ಬಹಳ ಜನ ನೋಡಿದ್ದೇನೆ.

ಉಚ್ಚಾರ ಒಂದನ್ನು ಮೊದಲ ದಿನವೇ ಸರಿ ಮಾಡಿಕೊಳ್ಳಿ. ಮರುಭೂಮಿ ಎಂದರೆ ‘ಡೆಝರ್ಟ್’, ಒತ್ತು ಮೊದಲ ಭಾಗದ ಮೇಲೆ. ಊಟದ ಕೊನೆಯ ಸಿಹಿ ‘ಡಿಝರ್ಟ್’, ಒತ್ತು ಕೊನೆಯ ಭಾಗದ ಮೇಲೆ. ಬರೆಯುವಾಗ ಮರುಭೂಮಿಗೆ ಎಸ್ ಒಂದು, ಸಿಹಿಗೆ ಎರಡು. ಪಾಯಸ ಎರಡನೇ ಸಲ ಬಡಿಸಿಕೊಳ್ಳುತ್ತೀರಲ್ಲ, ಹಾಗೆ ನೆನಪಿಡಿ.

ನೋಟ್‌ಬುಕ್ ಇಡುವ ಕ್ರಮ

ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ಕನ್ನಡ ಅರ್ಥ ಎಂದು ಪಟ್ಟಿ ಮಾಡಬೇಡಿ. ಶಬ್ದ ಬಂದ ಇಡೀ ವಾಕ್ಯವನ್ನು ಬರೆಯಿರಿ, ಪಕ್ಕದಲ್ಲಿ ನಮ್ಮ ಕಡೆಯ ಒಂದು ಚಿತ್ರ ಬರೆಯಿರಿ. ‘ಮಿರಾಜ್’ ಎಂದರೆ ಮರೀಚಿಕೆ ಎಂದು ಬರೆದರೆ ಗೊತ್ತಿಲ್ಲದ ಶಬ್ದಕ್ಕೆ ಇನ್ನೊಂದು ಕಷ್ಟದ ಶಬ್ದ ಸಿಕ್ಕಿತು ಅಷ್ಟೇ. ಮೇ ತಿಂಗಳ ಮಧ್ಯಾಹ್ನ ಅಂಕೋಲಾ ಕಡೆ ಹೆದ್ದಾರಿಯಲ್ಲಿ ಹೋಗುವಾಗ ದೂರದ ಡಾಂಬರಿನ ಮೇಲೆ ನೀರು ನಿಂತ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಇರುವುದಿಲ್ಲ. ಅದೇ ಮಿರಾಜ್. ಕಾದ ನೆಲದ ಹತ್ತಿರದ ಬಿಸಿ ಗಾಳಿಯಲ್ಲಿ ಬೆಳಕು ಬಾಗುವುದರಿಂದ ಹಾಗಾಗುತ್ತದೆ. ಕನ್ನಡದಲ್ಲಿ ಅದಕ್ಕೆ ಬಿಸಿಲುಗುದುರೆ ಎಂಬ ಎಷ್ಟು ಚೆಂದದ ಹೆಸರಿದೆ!

ಒಟ್ಟಿಗೆ ಓಡಾಡುವ ಶಬ್ದಗಳನ್ನು ಒಟ್ಟಿಗೇ ಬರೆಯಿರಿ. ಜೋರು ಮಳೆಗೆ ಇಂಗ್ಲಿಷಿನಲ್ಲಿ ‘ಬಿಗ್ ರೇನ್’ ಎನ್ನುವುದಿಲ್ಲ, ‘ಹೆವಿ ರೇನ್’ ಎನ್ನುತ್ತಾರೆ. ನಾವೂ ಭಾರೀ ಮಳೆ ಎನ್ನುತ್ತೇವೆ ಅಲ್ವಾ? ಮರಳ ದಿಬ್ಬ ‘ಸ್ಯಾಂಡ್ ಡ್ಯೂನ್’. ‘ಡ್ರೈ’ ಪಕ್ಕದಲ್ಲೇ ಬರಗಾಲದ ‘ಡ್ರೌಟ್’ ಬರೆಯಿರಿ.

ಹೆಸರುಗಳನ್ನೂ ಬಿಡಬೇಡಿ. ಅರಬಿಯಲ್ಲಿ ಸಹಾರಾ ಎಂದರೇ ಮರುಭೂಮಿಗಳು. ಅರೇಬಿಯಾದ ದಕ್ಷಿಣದಲ್ಲಿ ರುಬ್ ಅಲ್ ಖಾಲಿ ಎಂಬ ದೊಡ್ಡ ಮರಳುಗಾಡಿದೆ. ಇಂಗ್ಲಿಷಿನಲ್ಲಿ ಅದು ‘ಎಂಪ್ಟಿ ಕ್ವಾರ್ಟರ್’. ಅದರ ‘ಖಾಲಿ’ ಮತ್ತು ನಾವು ದಿನಾ ಹೇಳುವ ‘ಡಬ್ಬಿ ಖಾಲಿ’ಯ ಖಾಲಿ ಒಂದೇ ಶಬ್ದ. ಇದು ಗೊತ್ತಾದ ದಿನ ‘ಎಂಪ್ಟಿ’ಯನ್ನು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ.

ಜೋಡಿ ವಾಕ್ಯ

ಎರಡನೇ ವಾರದಿಂದ ಬರೆಯಲು ಶುರು ಮಾಡಿ. ದಿನಕ್ಕೆ ಎರಡೇ ವಾಕ್ಯ. ಒಂದು ಮರುಭೂಮಿಯದ್ದು, ಒಂದು ನಮ್ಮೂರಿನದ್ದು. ಅಣ್ಣನ ಮಗಳ ನೋಟ್‌ಬುಕ್ಕಿನ ಮೊದಲ ಜೋಡಿ ಹೀಗಿತ್ತು: ‘ಇನ್ ಸಿರ್ಸಿ ಇಟ್ ರೇನ್ಸ್ ಹಾರ್ಡ್. ಇನ್ ದಿ ಅಟಕಾಮಾ ಇಟ್ ಹಾರ್ಡ್ಲಿ ರೇನ್ಸ್.’ ಒಂದು ತಪ್ಪಿನಿಂದ ಎರಡು ಸರಿ ವಾಕ್ಯ ಬಂದವು. ಅವಳು ಆ ಪುಟವನ್ನು ಎಲ್ಲರಿಗೂ ತೋರಿಸಿದಳು.

ಹೋಲಿಕೆಯ ವ್ಯಾಕರಣ ಈ ಆಟದಲ್ಲಿ ತಾನಾಗೇ ಬರುತ್ತದೆ. ‘ಕಾರವಾರ್ ಈಸ್ ವೆಟರ್ ದ್ಯಾನ್ ಜೈಸಲ್ಮೇರ್.’ ಆಮೇಲೆ ಕಾರಣ ಸೇರಿಸಿ. ಇಲ್ಲಿ ಸ್ವಲ್ಪ ಹೆಚ್ಚು ದಿನ ಉಳಿಯಿರಿ, ಯಾಕೆಂದರೆ ಭಾಷೆ ಗಟ್ಟಿಯಾಗುವುದೇ ಕಾರಣ ಹೇಳುವಾಗ. ಆಫ್ರಿಕಾದ ನಮಿಬ್ ಮರುಭೂಮಿ ಕಾರವಾರದ ಹಾಗೇ ಸಮುದ್ರದ ಪಕ್ಕದಲ್ಲಿದೆ. ಆದರೂ ಅಲ್ಲಿ ಮಳೆ ಇಲ್ಲ. ‘ದಿ ನಮಿಬ್ ಲೈಸ್ ಬೈ ದಿ ಸೀ, ಯೆಟ್ ಇಟ್ ಗೆಟ್ಸ್ ಲಿಟಲ್ ರೇನ್.’ ಈ ‘ಯೆಟ್’ ನಮ್ಮ ‘ಆದರೂ’. ‘ಲಿಟಲ್’ ಹಿಂದೆ ‘ಎ’ ಇಲ್ಲದ್ದನ್ನು ಗಮನಿಸಿ. ‘ಎ ಲಿಟಲ್ ರೇನ್’ ಎಂದರೆ ಸ್ವಲ್ಪ ಮಳೆ ಇದೆ. ‘ಲಿಟಲ್ ರೇನ್’ ಎಂದರೆ ಇಲ್ಲ ಎನ್ನುವಷ್ಟು ಕಡಿಮೆ.

ಈಗ ‘ಬಿಕಾಸ್’. ನಮಿಬ್ ತೀರದಲ್ಲಿ ತಣ್ಣನೆಯ ಸಾಗರ ಪ್ರವಾಹ, ಇಂಗ್ಲಿಷಿನಲ್ಲಿ ‘ಕರೆಂಟ್’, ಹರಿಯುತ್ತದೆ. ಅದರ ಮೇಲಿನ ಗಾಳಿ ತಂಪಾಗಿ ಕೆಳಗೇ ಉಳಿಯುತ್ತದೆ. ಮೇಲೇರದ ಗಾಳಿಯಿಂದ ಮಂಜು ಬರುತ್ತದೆ, ಮಳೆ ಬರುವುದಿಲ್ಲ. ನಮ್ಮಲ್ಲಿ ಮುಂಗಾರಿನ ಒದ್ದೆ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರಿ ತಣಿದು ಸುರಿಯುತ್ತದೆ. ಘಟ್ಟ ದಾಟಿ ಶಿರಸಿಯಿಂದ ಮುಂಡಗೋಡದ ಕಡೆ ಬಸ್ಸಿನಲ್ಲಿ ಹೋದರೆ ಮಳೆ ಕಡಿಮೆಯಾಗುತ್ತಾ ಹೋಗುತ್ತದೆ. ಬೆಟ್ಟದ ಮರೆಯ ಕಡಿಮೆ ಮಳೆಯ ಜಾಗಕ್ಕೆ ‘ರೇನ್ ಶ್ಯಾಡೋ’ ಎನ್ನುತ್ತಾರೆ. ಆ ಶಬ್ದ ಸಿಕ್ಕಾಗ ಆ ಬಸ್ಸಿನ ಕಿಟಕಿ ನೆನಪಿಗೆ ಬರಲಿ. ನಮಿಬ್‌ನ ಒಂದು ಜಾತಿಯ ದುಂಬಿ ಬೆಳಗಿನ ಮಂಜಿನಲ್ಲಿ ಮರಳ ದಿಬ್ಬದ ಮೇಲೆ ತಲೆ ತಗ್ಗಿಸಿ ನಿಲ್ಲುತ್ತದೆ. ಬೆನ್ನ ಮೇಲೆ ಕೂಡಿದ ಹನಿ ಜಾರಿ ಬಾಯಿಗೆ ಬರುತ್ತದೆ. ಇದನ್ನು ಐದು ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬರೆದು ನೋಡಿ. ಒಳ್ಳೆಯ ಅಭ್ಯಾಸ.

‘ಅಂತೆ’ಯನ್ನು ಹಿಡಿಯಿರಿ

ನಾಲ್ಕನೇ ವಾರದ ಹೊತ್ತಿಗೆ ಒಂದೇ ಸಂಗತಿಯನ್ನು ಎರಡು ಕಡೆ ಓದಿ. ಹಳೆಯ ಪುಸ್ತಕಗಳಲ್ಲಿ, ಆ ಏಳನೇ ತರಗತಿಯ ಪಾಠದಲ್ಲೂ, 1922ರಲ್ಲಿ ಲಿಬಿಯಾದ ಅಲ್ ಅಜೀಜಿಯಾದಲ್ಲಿ ದಾಖಲಾದ ಸುಮಾರು 58 ಡಿಗ್ರಿಯೇ ಜಗತ್ತಿನ ಅತಿ ಹೆಚ್ಚು ತಾಪಮಾನ ಎಂದಿದೆ. ವಿಶ್ವ ಹವಾಮಾನ ಸಂಸ್ಥೆ 2012ರಲ್ಲಿ ಆ ದಾಖಲೆ ರದ್ದು ಮಾಡಿತು. ಈಗ ಆ ಸ್ಥಾನ ಅಮೆರಿಕದ ಡೆತ್ ವ್ಯಾಲಿಯ 56.7 ಡಿಗ್ರಿಗೆ, 1913ರ ಜುಲೈ 10ರದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ‘ವಾಸ್ ರೆಕಾರ್ಡೆಡ್’, ‘ವಾಸ್ ಬಿಲೀವ್ಡ್ ಟು ಬಿ’ ಎಂಬ ರೂಪಗಳ ಬೆಲೆ ತಿಳಿಯುತ್ತದೆ. ‘ಈಸ್ ಸೆಡ್ ಟು ಬಿ’ ಎಂದರೆ ನಮ್ಮ ‘ಅಂತೆ’. ಹವ್ಯಕರ ಮನೆಯಲ್ಲಿ ‘ಅಡ’.

ಕೊನೆಯ ಎರಡು ವಾರ ಬಾಯಿ ಬಿಟ್ಟು ಹೇಳಿ. ಓದಿದ ಪುಟ ಮುಚ್ಚಿ, ಮೂರು ನಿಮಿಷ ಇಂಗ್ಲಿಷಿನಲ್ಲಿ ಯಾರಿಗಾದರೂ ವಿವರಿಸಿ. ಭಟ್ಕಳ, ಹೊನ್ನಾವರದ ಕಡೆಯವರಿಗೆ ಇದು ಇನ್ನೂ ಸುಲಭ. ಕೊಲ್ಲಿ ದೇಶದಲ್ಲಿ ಕೆಲಸ ಮಾಡಿ ಬಂದವರು ಅಕ್ಕಪಕ್ಕದಲ್ಲೇ ಇರುತ್ತಾರೆ. ಮರಳುಗಾಳಿ ಹೇಗಿರುತ್ತದೆ, ರಾತ್ರಿ ಚಳಿ ಆಗುತ್ತದಾ ಎಂದು ಇಂಗ್ಲಿಷಿನಲ್ಲೇ ಕೇಳಿ. ತಡವರಿಸಿದರೆ ಕನ್ನಡ ಸೇರಿಸಿ, ನಿಲ್ಲಿಸಬೇಡಿ.

ಆರೇಳು ವಾರದ ಮೇಲೆ ಪುಟಕ್ಕೆ ಎರಡು ಮೂರೇ ಪೆನ್ಸಿಲ್ ಗೆರೆ ಬೀಳುತ್ತಿದ್ದರೆ ಮುಂದಿನ ವಿಷಯಕ್ಕೆ ಹೋಗಬಹುದು. ಪಕ್ಕದ್ದನ್ನೇ ಆರಿಸಿ. ಅಣ್ಣನ ಮಗಳು ಈಗ ಸಮುದ್ರ ಓದುತ್ತಿದ್ದಾಳೆ. ‘ಕರೆಂಟ್’ ಎಂಬ ಶಬ್ದ ಎದುರಾದಾಗ ದೀಪದ ಕಡೆ ನೋಡಲಿಲ್ಲ. ನಮಿಬ್‌ನ ತಣ್ಣನೆಯ ನೀರು ನೆನಪಾಯಿತು ಎಂದಳು.